ಉಪ್ಪು ಹಾಕಿ ಸುಟ್ಟ ಪ್ಲಾಟಿನಂ-ಕೋಬಾಲ್ಟ್: ನನ್ನ ಅನುಭವ

ಮೆಥನಾಲಿನಿಂದ ಕರೆಂಟ್ ತೆಗೆಯುವ ಫ್ಯೂಯಲ್ ಸೆಲ್ಲಿನ ಕ್ಯಾಥೋಡಿಗೆ (ಆಕ್ಸಿಜನ್ ಕಡೆಯ ಎಲೆಕ್ಟ್ರೋಡ್) ಪ್ಲಾಟಿನಂ-ಕೋಬಾಲ್ಟ್ ವೇಗವರ್ಧಕ ಮಾಡ್ತೀನಿ ಅಂದಾಗ ಲ್ಯಾಬಿನಲ್ಲಿ ಎಲ್ಲರದ್ದೂ ಒಂದೇ ರಾಗ: ಕೋಬಾಲ್ಟ್ ಕರಗಿ ಸೆಲ್ಲಿನ ನಡುವಿನ ಪ್ಲಾಸ್ಟಿಕ್ ಪೊರೆ ನೇಫಿಯಾನ್‌ಗೆ ಸೇರುತ್ತೆ, ಸುಮ್ನೆ ಬಿಡು. ಮಾತು ಸುಳ್ಳೇನಲ್ಲ. ಪಾಲಿಯಾಲ್ ವಿಧಾನದಲ್ಲಿ (ಗ್ಲೈಕಾಲಿನಲ್ಲಿ ಲೋಹದ ಲವಣ ಕಾಯಿಸೋದು) ಮಾಡಿದ ಕಣಗಳು 3-4 ನ್ಯಾನೋಮೀಟರ್ ಇದ್ದು ನೋಡೋಕೆ ಚೆನ್ನಾಗಿದ್ದವು. ವೋಲ್ಟೇಜ್ ಏರಿಸಿ ಇಳಿಸುವ ಸೈಕಲ್ ಓಡಿಸಿದಂತೆಲ್ಲ ಕೋಬಾಲ್ಟ್ ಆಸಿಡ್ಡಿಗೆ ಇಳಿದುಹೋಗುತ್ತಿತ್ತು.

ಕೋಬಾಲ್ಟ್ ಇಳಿದುಹೋಗದಂತೆ ಎರಡೂ ಲೋಹದ ಪರಮಾಣುಗಳು ಸಾಲಾಗಿ ಕೂರಬೇಕಾದರೆ 700 ಡಿಗ್ರಿ ಆಸುಪಾಸು ಸುಡಲೇಬೇಕು. ಬರೀ ಕಾರ್ಬನ್ ಮೇಲೆ ಸುಟ್ಟರೆ ಕಣಗಳು ಅಂಟಿಕೊಂಡು ದಪ್ಪಗಾಗುತ್ತವೆ, ದುಡ್ಡು ಕೊಟ್ಟ ಪ್ಲಾಟಿನಂ ಒಳಗೇ ಹೂತುಹೋಗುತ್ತೆ. ಸಿಲಿಕಾ ಹೊದಿಸಿ ನೋಡಿದೆ. ಅದನ್ನು ತೆಗೆಯೋಕೆ ಹೈಡ್ರೋಫ್ಲೋರಿಕ್ ಆಸಿಡ್ ಹಿಡಿಯಬೇಕು, ಆ ಸಹವಾಸವೇ ಬೇಡ ಅನ್ನಿಸಿತು.

ಕೊನೆಗೆ ಕೈಹಿಡಿದದ್ದು ಪೊಟ್ಯಾಸಿಯಂ ಕ್ಲೋರೈಡ್, ಕಣಗಳ ಮಧ್ಯೆ ಕೂತು ಅಂಟಿಕೊಳ್ಳದಂತೆ ತಡೆಯುವ ಉಪ್ಪು. ಲೋಹದ ಲವಣ, ವಲ್ಕನ್ ಕಾರ್ಬನ್ (ಕಣಗಳಿಗೆ ಆಧಾರವಾಗುವ ಕಪ್ಪು ಪುಡಿ), ಉಪ್ಪು ಮೂರನ್ನೂ ನೀರಲ್ಲಿ ಕಲಸಿ, ಲಿಕ್ವಿಡ್ ನೈಟ್ರೋಜನ್‌ನಲ್ಲಿ ಗಡ್ಡೆ ಕಟ್ಟಿಸಿ, ಫ್ರೀಜ್ ಡ್ರೈ ಮಾಡಿ, 5% ಹೈಡ್ರೋಜನ್ನಿನಲ್ಲಿ ಸುಟ್ಟೆ. ಉಪ್ಪು 770ಕ್ಕೆ ಕರಗುತ್ತೆ, ಅದಕ್ಕಿಂತ ಕೆಳಗೇ ಇರಬೇಕು. ಉಪ್ಪಿನ ಪ್ರಮಾಣ, ತಣಿಸುವ ವೇಗ ಎರಡನ್ನೂ ಈಗ ಹೇಳಲ್ಲ.

‘ಕ್ಲೋರೈಡ್ ಅಂದ್ರೆ ಪ್ಲಾಟಿನಂಗೆ ವಿಷ, ತಲೆ ಕೆಟ್ಟಿದೆಯಾ’ ಅಂದರು ಸೀನಿಯರ್ ಒಬ್ಬರು. ತೊಳೆದರೆ ಆಯ್ತು, ಅಲ್ವಾ? ಸೋಸಿದ ನೀರಿಗೆ ಸಿಲ್ವರ್ ನೈಟ್ರೇಟ್ ಒಂದು ಹನಿ ಬಿಡಿ. ಬೆಳ್ಳಗೆ ಕದಡಿದರೆ ಮತ್ತೆ ತೊಳೆಯಿರಿ. ಆಮೇಲೆ ಬೆಚ್ಚಗಿನ ತೆಳು ಪರ್ಕ್ಲೋರಿಕ್ ಆಸಿಡ್ಡಿನಲ್ಲಿ ಒಂದು ರಾತ್ರಿ. ಸಡಿಲವಾಗಿರೋ ಕೋಬಾಲ್ಟ್ ಸೆಲ್ಲಿನಲ್ಲಿ ಕರಗುವ ಬದಲು ಇಲ್ಲೇ ಕರಗಲಿ. ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್-ರೇ ಬಿಟ್ಟು ಪರಮಾಣುಗಳ ಜೋಡಣೆ ನೋಡುವ ಪರೀಕ್ಷೆ) 23 ಮತ್ತು 33 ಡಿಗ್ರಿ ಹತ್ತಿರ, ಪರಮಾಣುಗಳು ಸಾಲಾಗಿ ಕೂತಿವೆ ಅಂತ ಹೇಳುವ ಎರಡು ಪುಟ್ಟ ಶಿಖರ ಕಂಡ ದಿನ ಇಡೀ ಲ್ಯಾಬಿಗೆ ಕಾಫಿ ಕೊಡಿಸಿದೆ!

ಮಧ್ಯೆ ತೆಂಗಿನ ಚಿಪ್ಪಿನ ಇದ್ದಿಲನ್ನೂ ಆಧಾರವಾಗಿ ಬಳಸಿ ನೋಡಿದೆ. ಮೇಲ್ಮೈ ಜಾಸ್ತಿ, ಕರೆಂಟ್ ಹರಿಯೋದು ಕಡಿಮೆ, ಬೂದಿ ಬೇರೆ. ಅಗ್ಗ ಅನ್ನೋದು ಬಿಟ್ಟರೆ ಏನೂ ಇಲ್ಲ.

ಖರ್ಚೆಲ್ಲ ಪ್ಲಾಟಿನಂ ಕೊಡುವ ಕ್ಲೋರೋಪ್ಲಾಟಿನಿಕ್ ಆಸಿಡ್ಡಿನದೇ, ಗ್ರಾಂಗೆ ಸಾವಿರಗಟ್ಟಲೆ. ಕೆಟ್ಟ ಬ್ಯಾಚು ಒಂದನ್ನೂ ಬಿಸಾಡಲಿಲ್ಲ. ಕಾರ್ಬನ್ ಸುಟ್ಟು, ಅಕ್ವಾ ರೀಜಿಯಾದಲ್ಲಿ (ನೈಟ್ರಿಕ್, ಹೈಡ್ರೋಕ್ಲೋರಿಕ್ ಆಸಿಡ್ಡುಗಳ ಮಿಶ್ರಣ) ಕರಗಿಸಿ, ಹೆಚ್ಚುಕಡಿಮೆ ಮುಕ್ಕಾಲು ಪಾಲು ಪ್ಲಾಟಿನಂ ವಾಪಸ್ ಪಡೆದೆ.

10,000 ಸೈಕಲ್ ಆದಮೇಲೆ ಪಾಲಿಯಾಲ್ ಮಾಲಿನ ಚಟುವಟಿಕೆ ಅರ್ಧಕ್ಕೂ ಕೆಳಗೆ ಬಿದ್ದಿತ್ತು. ಉಪ್ಪು ಹಾಕಿ ಸುಟ್ಟ ಮಾಲು ಕಳೆದುಕೊಂಡದ್ದು 15-20% ಇರಬಹುದು. ‘ಕಬ್ಬಿಣ ಇನ್ನೂ ಅಗ್ಗ, ಅದನ್ನೇ ಹಾಕು’ ಅಂತಿದ್ದಾರೆ ಈಗ ಲ್ಯಾಬಿನವರು. ಕಬ್ಬಿಣ ಕರಗಿದರೆ ಸೆಲ್ಲಿನಲ್ಲಿ ಹುಟ್ಟುವ ಪೆರಾಕ್ಸೈಡ್ ಜೊತೆ ಸೇರಿ ನೇಫಿಯಾನನ್ನೇ ತಿನ್ನುತ್ತೆ. ನಾನಂತೂ ಆ ಕಡೆ ಹೋಗಲ್ಲ.