ಸರ್ಕಾರಿ ವಿಶ್ವವಿದ್ಯಾಲಯದ ಎನ್‌ಐಆರ್‌ಎಫ್ ರ‍್ಯಾಂಕ್ ಓದುವುದು ಹೇಗೆ?

ಎನ್‌ಐಆರ್‌ಎಫ್ ಎಂದರೆ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಕೇಂದ್ರ ಶಿಕ್ಷಣ ಸಚಿವಾಲಯ ಕೊಡುವ ರಾಷ್ಟ್ರೀಯ ರ‍್ಯಾಂಕ್ ಪಟ್ಟಿ. ಮೊದಲು ಪಟ್ಟಿ ಯಾವುದೆಂದು ನೋಡಿ. 2024ರಿಂದ ರಾಜ್ಯ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಬೇರೆಯೇ ವಿಭಾಗವಿದೆ. ಅಲ್ಲಿನ ಸ್ಥಾನವನ್ನು ಒಟ್ಟಾರೆ ಪಟ್ಟಿಯ ಹಳೆಯ ಸ್ಥಾನದ ಪಕ್ಕ ಇಟ್ಟು 'ಜಿಗಿತ' ಎಂದು ಬೀಗುವ ಪ್ರಕಟಣೆಗಳನ್ನು ನಂಬಬೇಡಿ.

ಆಮೇಲೆ ಅಂಕಗಳನ್ನು ಬಿಡಿಸಿ ನೋಡಿ. ವಿಶ್ವವಿದ್ಯಾಲಯ ವಿಭಾಗದಲ್ಲಿ ಬೋಧನೆ ಮತ್ತು ಸಂಪನ್ಮೂಲಕ್ಕೆ 30, ಸಂಶೋಧನೆಗೆ 30, ಪದವಿ ಫಲಿತಾಂಶಕ್ಕೆ 20, ಒಳಗೊಳ್ಳುವಿಕೆಗೆ 10, ಇತರ ಅಧ್ಯಾಪಕರು, ಉದ್ಯೋಗದಾತರ ಅಭಿಪ್ರಾಯಕ್ಕೆ 10 ಪಾಲು.

ನಮ್ಮ ವಿಶ್ವವಿದ್ಯಾಲಯಗಳು ಎಡವುವುದು ಹೆಚ್ಚಾಗಿ ಮೊದಲೆರಡರಲ್ಲೇ. ಅಧ್ಯಾಪಕ ಹುದ್ದೆಗಳನ್ನು ವರ್ಷಗಟ್ಟಲೆ ತುಂಬದಿದ್ದರೆ ಅಧ್ಯಾಪಕ–ವಿದ್ಯಾರ್ಥಿ ಅನುಪಾತ ಕುಸಿಯುತ್ತದೆ. 50 ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕರೂ ಇಲ್ಲವೆಂದರೆ ಆ ಉಪಅಂಕ ಸೊನ್ನೆ. 3,000 ವಿದ್ಯಾರ್ಥಿಗಳಿದ್ದರೆ 60 ಅಧ್ಯಾಪಕರು ಆ ಗೆರೆ. ಒಂದೇ ಸೆಮಿಸ್ಟರ್‌ಗೆ ಬಂದುಹೋದವರು ಲೆಕ್ಕಕ್ಕಿಲ್ಲ.

ಸಂಶೋಧನೆಯ ಎಣಿಕೆ ಸ್ಕೋಪಸ್, ವೆಬ್ ಆಫ್ ಸೈನ್ಸ್ ಎಂಬ ಪ್ರಬಂಧಗಳ ದತ್ತಸಂಚಯಗಳಿಂದ. ಒಬ್ಬರು 'ಬೆಂಗಳೂರು', ಇನ್ನೊಬ್ಬರು 'ಬ್ಯಾಂಗಲೋರ್' ಎಂದು ಸಂಸ್ಥೆಯ ಹೆಸರು ಬರೆದರೆ ಪ್ರಬಂಧಗಳು ಚದುರಿಹೋಗುತ್ತವೆ. ಇಂಗ್ಲಿಷ್ ಕಾಗುಣಿತ ಒಂದೇ ಇರಲಿ. ಕನ್ನಡ ವಿಭಾಗದ ಪುಸ್ತಕಗಳಿಗಂತೂ ಇಲ್ಲಿ ಬಹುತೇಕ ಬೆಲೆಯಿಲ್ಲ.

ಬಿಡಿ ಸ್ಥಾನ ಕೊಡದೆ ಗುಂಪಾಗಿ ಪ್ರಕಟಿಸುವ 101–150ರಂತಹ ಪಟ್ಟಿಯೊಳಗಿನ ಹೆಸರುಗಳು ಅಕ್ಷರಾನುಕ್ರಮದಲ್ಲಿರುತ್ತವೆ. ಮೇಲಿದ್ದ ಮಾತ್ರಕ್ಕೆ 101ನೆಯದಲ್ಲ.

ಕೊನೆಗೆ, ಸಂಸ್ಥೆ ಸಲ್ಲಿಸಿದ ಮಾಹಿತಿಯ ಪಿಡಿಎಫ್ ಅದರ ಜಾಲತಾಣದಲ್ಲೇ ಇರಬೇಕು. ಅಧ್ಯಾಪಕರ ಪಟ್ಟಿಯನ್ನು ವಿಭಾಗದ ಪುಟದೊಂದಿಗೆ ತಾಳೆ ಹಾಕಿ.