ಹಾಡುವ ಮೊದಲು ಓದುತ್ತೇನೆ

ನಮ್ಮ ಕ್ರೈಸ್ತ ಸಭೆಯ ಗಾಯನ ವೃಂದದ ಹೊಣೆ ಹೊತ್ತ ಮೊದಲ ವರ್ಷಗಳಲ್ಲಿ ನಾನು ಭಾನುವಾರದ ಹಾಡುಗಳನ್ನು ಕಿವಿಯಿಂದಲೇ ಆರಿಸುತ್ತಿದ್ದೆ. ರಾಗ ಹಿಡಿಸಿದರೆ ಸಾಕಿತ್ತು. ಜನ ಕಣ್ಣು ಮುಚ್ಚಿ ಹಾಡಿದರೆ ಆರಾಧನೆ ಚೆನ್ನಾಗಿ ನಡೆಯಿತೆಂಬ ಸಮಾಧಾನದಿಂದ ಮನೆಗೆ ಬರುತ್ತಿದ್ದೆ.

ಆ ಸಮಾಧಾನ ಒಂದು ಶವಸಂಸ್ಕಾರದಲ್ಲಿ ಮುರಿಯಿತು. ಎಳೆಯ ಮಗುವನ್ನು ಕಳೆದುಕೊಂಡ ಮನೆ. ನಮಗೆ ಬಾಯಿಪಾಠವಿದ್ದ ಹೊಸ ಹಾಡುಗಳನ್ನೆಲ್ಲ ಮನಸ್ಸಿನಲ್ಲಿ ತಿರುವಿಹಾಕಿದೆ. ಎಲ್ಲವೂ ಜಯದ ಹಾಡುಗಳೇ. ಆ ತಾಯಿಯ ಎದುರು ಒಂದನ್ನೂ ಎತ್ತುವಂತಿರಲಿಲ್ಲ. ಕೊನೆಗೆ ಹಿರಿಯರೊಬ್ಬರು ಬೈಬಲ್ಲಿನ 23ನೆಯ ಕೀರ್ತನೆಯನ್ನು ಆರಂಭಿಸಿದರು. ಕಾರ್ಗತ್ತಲಿನ ಕಣಿವೆಯ ಸಾಲು ಬಂದಾಗ ತಾಯಿಯೂ ದನಿಗೂಡಿಸಿದರು.

ಅಂದಿನಿಂದ ಪ್ರತಿ ಹಾಡನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ವಾದ್ಯವಿಲ್ಲದೆ, ರಾಗವಿಲ್ಲದೆ ಗಟ್ಟಿಯಾಗಿ ಓದುತ್ತೇನೆ. ಓದಿದಾಗ ಬಯಲಾಗುವುದು ಬಹಳ. ನಾನು ಮನಸಾರೆ ಹಾಡಿಸಿದ್ದ ಒಂದು ಹಾಡಿನಲ್ಲಿ ಶಿಲುಬೆ ಇರಲಿಲ್ಲ, ಪುನರುತ್ಥಾನ ಇರಲಿಲ್ಲ, ಯೇಸುವಿನ ಹೆಸರೂ ಇರಲಿಲ್ಲ. ಯಾವ ಪ್ರೇಮಿಯಾದರೂ ತನ್ನ ಪ್ರಿಯೆಗೆ ಅದನ್ನು ಹಾಡಬಹುದಿತ್ತು. ಹಾಗೆಂದು ‘ನಾನು’ ಎಂಬ ಮಾತೇ ದೋಷವಲ್ಲ. ಕೀರ್ತನೆಗಳ ತುಂಬ ಆ ಮಾತಿದೆ. ಇಂಗ್ಲಿಷ್ ಗೀತಕಾರ ಐಸಾಕ್ ವಾಟ್ಸ್ 1707ರಲ್ಲಿ ಪ್ರಕಟಿಸಿದ ಶಿಲುಬೆಯ ಗೀತೆಯೂ ‘ನಾನು’ ಎಂದೇ ಹಾಡುತ್ತದೆ. ಆದರೆ ಅಲ್ಲಿ ಶಿಲುಬೆಯನ್ನು ನೋಡುತ್ತಾ ನಿಂತವನ ಗರ್ವ ಇಳಿಯುತ್ತದೆ. ಇಡೀ ಜಗತ್ತನ್ನೇ ಕೊಟ್ಟರೂ ಕಾಣಿಕೆ ಸಾಲದು ಎನ್ನಿಸುತ್ತದೆ. ಆ ಹಾಡನ್ನು ಬರಿದೇ ಓದಿದರೂ ನನ್ನ ಗಂಟಲು ಕಟ್ಟುತ್ತದೆ.

ರಾಗದ ಮೇಲೆ ನನಗೆ ಸಂಶಯವಿಲ್ಲ. ಹಾಡಿನ ವಿಷಯಕ್ಕಿಂತ ಹಾಡುಗಾರಿಕೆಗೇ ಮನಸ್ಸು ಕರಗಿದ ಗಳಿಗೆಗಳನ್ನು ಸಂತ ಆಗಸ್ಟೀನ್ ತನ್ನ ಪಾಪವೆಂದೇ ಒಪ್ಪಿಕೊಂಡ. ಆದರೂ ಸಭೆಯಲ್ಲಿ ಹಾಡು ಬೇಕೆಂಬ ಕಡೆಗೇ ವಾಲಿದ. ನನ್ನ ನಿಲುವೂ ಅದೇ.

ಕನ್ನಡದಲ್ಲಿ ಹಾಡುವ ನಮಗೆ ಇನ್ನೊಂದು ಕೆಲಸ ಉಳಿಯುತ್ತದೆ. ಪಾಶ್ಚಾತ್ಯ ರಾಗಕ್ಕೆ ಅನುವಾದವನ್ನು ಹೊಂದಿಸಿದಾಗ ಹ್ರಸ್ವಾಕ್ಷರಗಳು ಎಳೆದು ಹಾಡುವ ಜಾಗದಲ್ಲಿ ಬೀಳುತ್ತವೆ. ‘ನನ್ನ ಬಲವೇ’ ಎಂದು ದೇವರನ್ನು ಕರೆಯಬೇಕಾದಲ್ಲಿ ‘ಬಾಲವೇ’ ಎಂದು ಕೇಳಿಸುತ್ತದೆ. ಮಕ್ಕಳು ನಕ್ಕರೆ ತಪ್ಪು ಅವರದಲ್ಲ. ಅಲ್ಲಿ ‘ಆಸರೆ’ ಎಂದು ಬದಲಿಸಿದೆ. ಮೊದಲ ಅಕ್ಷರವೇ ದೀರ್ಘವಾದ್ದರಿಂದ ರಾಗಕ್ಕೆ ಹೊಂದಿತು. 46ನೆಯ ಕೀರ್ತನೆಯೂ ದೇವರನ್ನು ಆಶ್ರಯವೆಂದೇ ಕರೆಯುವುದರಿಂದ ಅರ್ಥವೂ ಬೈಬಲ್ ವಾಕ್ಯದ ಆಚೆಗೆ ಹೋಗಲಿಲ್ಲ. ಈ ಸೂಕ್ಷ್ಮವನ್ನು ನಮ್ಮ ಹಿಂದಿನವರು ಬಲ್ಲವರಾಗಿದ್ದರು. ಬಾಸೆಲ್ ಮಿಷನ್ನಿನ ಕಿಟ್ಟೆಲ್ 1862ರಲ್ಲಿ ಯೇಸುವಿನ ಚರಿತ್ರೆಯನ್ನು ‘ಕಥಾಮಾಲೆ’ಯಾಗಿ ಕನ್ನಡ ಪದ್ಯದಲ್ಲಿ ಹೇಳಿದರು, 1875ರಲ್ಲಿ ನಾಗವರ್ಮನ ಛಂದಸ್ಸಿನ ಗ್ರಂಥ ‘ಛಂದೋಂಬುಧಿ’ಯನ್ನೇ ಸಂಪಾದಿಸಿದರು. ಹೊರನಾಡಿನಿಂದ ಬಂದವರೊಬ್ಬರು ನಮ್ಮ ಲಘು ಗುರುಗಳಿಗೆ ಕೊಟ್ಟ ಗೌರವವನ್ನು ನಾವು ಕೊಡದಿದ್ದರೆ ನನಗೆ ನೋವಾಗುತ್ತದೆ.

ಈಗ ಅಭ್ಯಾಸದ ಮೊದಲ ಹದಿನೈದು ನಿಮಿಷ ಯಾರೂ ಗಿಟಾರ್ ಮುಟ್ಟುವುದಿಲ್ಲ. ಸರದಿಯಂತೆ ಚರಣಗಳನ್ನು ಓದುತ್ತೇವೆ. ಶವಸಂಸ್ಕಾರಕ್ಕೆಂದೇ ಆರು ಹಾಡು ಕಲಿತಿದ್ದೇವೆ. ನಾನು ಕೈಬಿಟ್ಟ ಆ ಹಾಡಿನ ರಾಗವನ್ನು ಮಾತ್ರ ಬಿಡಲಾಗಿಲ್ಲ, ಅದು ಅಷ್ಟು ಚೆಂದ. ಅದಕ್ಕೆ ಹೊಸ ಚರಣ ಬರೆಯುತ್ತಿದ್ದೇನೆ. ‘ಶಿಲುಬೆ’ಯ ಮೂರು ಹ್ರಸ್ವಾಕ್ಷರಗಳು ಅದರಲ್ಲಿ ಇನ್ನೂ ಕೂತಿಲ್ಲ.