ಅಮ್ಮನ ಕಪಾಟು ಮತ್ತು ಕರಾವಳಿಯ ತೇವ

ಉಡುಪಿಯ ಕುಂಜಿಬೆಟ್ಟಿನ ನಮ್ಮ ಮನೆಯಲ್ಲಿ, ಅಮ್ಮನ ಕೋಣೆಗೆಂದು ನಾನೇ ನಕ್ಷೆ ಹಾಕಿ ಮಾಡಿಸಿದ ಕಪಾಟು ಬೇಸಿಗೆಯಲ್ಲಿ ಯಾವ ತಕರಾರಿಲ್ಲದೆ ಇತ್ತು. ಜೂನ್‌ನಲ್ಲಿ ಮಳೆ ಹಿಡಿದು ಕಿಟಕಿಗಳು ಮುಚ್ಚಿದ ಮೇಲೆ ಬಾಗಿಲು ತೆರೆದರೆ ಕಣ್ಣು ಉರಿಯುವಷ್ಟು ಘಾಟು ಹೊಡೆಯತೊಡಗಿತು. ಅಮ್ಮ ಒಂದೂ ಮಾತಾಡದೆ ಸೀರೆಗಳನ್ನು ಹಳೆಯ ಹಲಸಿನ ಮರದ ಪೆಟ್ಟಿಗೆಗೆ ಸಾಗಿಸಿದಾಗ, ಒಳಾಂಗಣ ವಿನ್ಯಾಸವನ್ನೇ ಹೊಟ್ಟೆಪಾಡು ಮಾಡಿಕೊಂಡ ನನಗೆ ನಾಚಿಕೆಯಾಯಿತು.

ಕಪಾಟನ್ನು ಗೋಡೆಯಿಂದ ಎಳೆದು ನೋಡಿದಾಗ ತಪ್ಪು ಕಣ್ಣಿಗೆ ಬಿತ್ತು. ಮುಂಭಾಗಕ್ಕೆ ಲ್ಯಾಮಿನೇಟ್ ಅಂಟಿಸಿದ್ದೆವು. ಹಿಂಬದಿ, ಕತ್ತರಿಸಿದ ಅಂಚು, ತಿರುಗಣಿಯ ತೂತುಗಳನ್ನು, ಕಾಣದ ಕಡೆ ಖರ್ಚೇಕೆ ಎಂದು ಬೋಳಾಗಿಯೇ ಬಿಟ್ಟಿದ್ದೆವು. ಕಪಾಟಿನದು ಎಂಡಿಎಫ್, ಅಂದರೆ ಮರದ ನಾರುಗಳನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ. ಆ ನಾರುಗಳನ್ನು ಹಿಡಿದಿಡುವ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು ತೇವಕ್ಕೂ ಸೆಕೆಗೂ ಸಿಕ್ಕಿ ನಿಧಾನವಾಗಿ ಕಳಚಿಕೊಳ್ಳುತ್ತದೆ, ಆಗ ಫಾರ್ಮಾಲ್ಡಿಹೈಡ್ ಅನಿಲ ಹೊರಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿಯೇ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತ್ತು.

ಹೊಸ ಕಪಾಟಿಗೆ ಫಿನಾಲಿಕ್ ಅಂಟಿನ ಪ್ಲೈವುಡ್ ತರಿಸಿದೆ. ಇದು ಅನಿಲ ಬಿಡುವುದು ಬಹಳ ಕಡಿಮೆ. ಹಲಗೆಗಳನ್ನು ಕತ್ತರಿಸಿ ಏಪ್ರಿಲ್ ತಿಂಗಳಿಡೀ ಜಗಲಿಯಲ್ಲಿ ಗಾಳಿಗೆ ಬಿಟ್ಟು, ತೂತುಗಳೂ ಸೇರಿದಂತೆ ಎಲ್ಲ ಅಂಚುಗಳನ್ನು ಮುಚ್ಚಿಸಿದೆ. ಆಚಾರಿಗೆ ಇದು ಅತಿಯೆನಿಸಿದ್ದು ಅವರ ಮುಖದಲ್ಲೇ ಕಾಣುತ್ತಿತ್ತು. ಗೋಡೆಗೂ ಕಪಾಟಿಗೂ ನಡುವೆ 2 ಇಂಚು, ನೆಲದಿಂದ 4 ಇಂಚು ಸಂದು ಬಿಟ್ಟೆ.

ಆದರೆ ಕಪಾಟು ಅರ್ಧ ಕಥೆ ಮಾತ್ರ. ಪಡುವಣ ಮಳೆಗೆ ಮೈಯೊಡ್ಡಿದ ಆ ಮುರಕಲ್ಲಿನ ಗೋಡೆಗೆ ಬಳಿದಿದ್ದ ಪ್ಲಾಸ್ಟಿಕ್ ಎಮಲ್ಷನ್ ಬೊಬ್ಬೆಯೆದ್ದು, ಒಳಗೆಲ್ಲ ಕಪ್ಪು ಬೂಷ್ಟು ಹಬ್ಬಿತ್ತು. ಕಿಟಕಿಯ ಮೇಲಿನ ಬಿರುಕು ಮುಚ್ಚಿಸಿ ಮೊದಲು ನೀರು ನಿಲ್ಲಿಸಿದೆ, ಆಮೇಲೆ ಗಾರೆ ಕಾಣುವವರೆಗೆ ಬಣ್ಣ ಕೆರೆಸಿ 3 ಸಲ ಸುಣ್ಣ ಹೊಡೆಸಿದೆ. ಕ್ಷಾರಗುಣದ ಸುಣ್ಣದ ಮೇಲೆ ಬೂಷ್ಟು ಸುಲಭವಾಗಿ ನೆಲೆಯೂರುವುದಿಲ್ಲ, ಗೋಡೆಯ ತೇವವೂ ಹೊರಹೋಗುತ್ತದೆ. ಒರಗಿ ಕೂತರೆ ಅಂಗಿಗೆ ಹತ್ತುತ್ತದೆ ಎಂಬ ದೂರು ನಿಜ. ಅದಕ್ಕೆಂದೇ ಸೊಂಟದೆತ್ತರಕ್ಕೆ ಮರದ ಪಟ್ಟಿ ಹೊಡೆಸಿದೆ. ಹಳೆಯ ಕಿಟಕಿ ಸರಳುಗಳ ಬಣ್ಣವನ್ನು ಮಾತ್ರ ಒದ್ದೆ ಮಾಡಿಯೇ ಉಜ್ಜಿಸಿದೆ: ಬಣ್ಣದಲ್ಲಿ ವಿಷಕಾರಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್ 1ರಂದು, ಅದಕ್ಕಿಂತ ಹಳೆಯ ಬಣ್ಣದ ಒಣ ಧೂಳು ಮನೆಯೊಳಗೆ ಹಾರಕೂಡದು.

ಕಿಟಕಿ ತೆರೆದಿಡಿ ಎಂಬ ಸಲಹೆ ಜುಲೈ ತಿಂಗಳ ಉಡುಪಿಗೆ ಹಾಗೆಯೇ ಹೊಂದುವುದಿಲ್ಲ, ಹೊರಗಿನ ಗಾಳಿಯೇ ತೊಯ್ದಿರುತ್ತದೆ. ಮಳೆ ಬಿಟ್ಟ ಹೊತ್ತು ಎದುರುಬದುರು ಕಿಟಕಿ ತೆರೆದು, ಉಳಿದ ಹೊತ್ತು ತೇವಮಾಪಕ ಶೇಕಡಾ 60 ದಾಟಿದರೆ ಎಸಿಯ, ಗಾಳಿಯ ತೇವ ತೆಗೆಯುವ, ಡ್ರೈ ಮೋಡ್ ಹಾಕುತ್ತೇವೆ. ಮಂಗಳೂರಿನ ನನ್ನ ಕಚೇರಿಯ ಕಾಯಿಲೆ ಬೇರೆ: ಎಸಿ ಅದೇ ಗಾಳಿಯನ್ನು ತಿರುಗಿಸುತ್ತಿದ್ದುದರಿಂದ ಮಧ್ಯಾಹ್ನದ ವೇಳೆಗೆ ಎಲ್ಲರಿಗೂ ತೂಕಡಿಕೆ. ಹೊರಗಾಳಿ ಎಳೆದುಕೊಳ್ಳುವ ಒಂದು ಫ್ಯಾನ್ ಕೂರಿಸಿ ರೂಮ್ ಫ್ರೆಶ್ನರ್ ನಿಲ್ಲಿಸಿದ ಮೇಲೆ ಅದು ಬಹುಮಟ್ಟಿಗೆ ತಗ್ಗಿತು.

ಸೀರೆಗಳು ಈಗ ಕಪಾಟಿಗೆ ಮರಳಿವೆ, ಜೊತೆಗೆ ಅಮ್ಮನ ನುಸಿಗುಳಿಗೆಗಳೂ. ಅವುಗಳ ನಾಫ್ತಲೀನ್ ಆವಿಯೂ ಒಳ್ಳೆಯದಲ್ಲವೆಂದು ನಾನು ತೆಗೆದು ಬಿಸಾಡಿದರೆ, ಮುಂದಿನ ವಾರ ಹೊಸ ಪೊಟ್ಟಣ ಬಂದಿರುತ್ತದೆ.